ಉಂಡ ಅನ್ನವನ್ನು ಅಳೆಯುವವರು ಯಾರು?

ಅಕ್ಕಮಹಾದೇವಿಯ ಹುಟ್ಟೂರು ಉಡುತಡಿಗೆ ನೀವು ಅನ್ನ ಸಾರು ಉಂಡೇ ಬಂದಿರಬಹುದು, ಜೊತೆಗೆ ಸೊರಬದ ಕಡೆಯ ಅನಾನಸಿನ ಹೋಳೂ ಸೇರಿರಬಹುದು. ಅದೆಲ್ಲ ಈಗ ಗ್ಲೂಕೋಸ್ ಆಗಿ ರಕ್ತ ಸೇರುತ್ತಿದೆ. ಅದರ ಅಳತೆ ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಪಾಲಿನ ಕೆಲಸ. ಈ ಕೋಶಗಳಿರುವ ಪುಟ್ಟ ಗುಂಪುಗಳನ್ನು 1869ರಲ್ಲಿ ಮೊದಲು ವಿವರಿಸಿದವರು ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್.

ಅಳೆಯುವ ಬಗೆ ಸೋಜಿಗದ್ದು: ಬೀಟಾ ಕೋಶ ಗ್ಲೂಕೋಸನ್ನು ತಾನೇ ಉರಿಸಿ ನೋಡುತ್ತದೆ. ಒಳಬಂದ ಗ್ಲೂಕೋಸಿಗೆ ಮೊದಲು ಕೈಹಾಕುವುದು ಗ್ಲೂಕೋಕೈನೇಸ್ ಎಂಬ ಕಿಣ್ವ. ಗ್ಲೂಕೋಸ್ ಹೆಚ್ಚಿದಷ್ಟೂ ಎಟಿಪಿ ಎಂಬ ಶಕ್ತಿಯ ಅಣುಗಳು ಹೆಚ್ಚುತ್ತವೆ. ಆಗ ಪೊರೆಯಲ್ಲಿನ ಪೊಟ್ಯಾಸಿಯಂ ಕಿಂಡಿಗಳು ಮುಚ್ಚಿ, ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ, ಕ್ಯಾಲ್ಸಿಯಂ ಕಿಂಡಿಗಳು ತೆರೆಯುತ್ತವೆ. ಒಳನುಗ್ಗಿದ ಕ್ಯಾಲ್ಸಿಯಂನಿಂದಾಗಿ ಇನ್ಸುಲಿನ್ ತುಂಬಿದ ಕಿರುಚೀಲಗಳು ಪೊರೆಗೆ ಬೆಸೆದು ಬಾಯಿ ಬಿಡುತ್ತವೆ. ಮೊದಲ ಸುಮಾರು 10 ನಿಮಿಷ ಇನ್ಸುಲಿನ್ ರಭಸದಿಂದ ಹೊರಡುತ್ತದೆ. ಆಮೇಲೆ ಕೆರೆಯ ತೂಬಿನ ನೀರಿನ ಹಾಗೆ ಹದವಾಗಿ.

ಕರುಳೂ ಸುಮ್ಮನಿರುವುದಿಲ್ಲ. ಅದರ ಹಾರ್ಮೋನುಗಳ ಒತ್ತಾಸೆಯಿಂದ, ರಕ್ತನಾಳಕ್ಕೆ ಏರಿಸಿದ ಗ್ಲೂಕೋಸಿಗಿಂತ ಬಾಯಿಂದ ತಿಂದದ್ದಕ್ಕೇ ಹೆಚ್ಚು ಇನ್ಸುಲಿನ್ ಹೊರಡುತ್ತದೆ.

ಉಪವಾಸ ಹಿಡಿಯುವ ಮಧುಮೇಹಿಗಳು ಗಮನಿಸಬೇಕಾದ್ದು: ಗ್ಲಿಮೆಪಿರೈಡ್‌ನಂಥ ಮಾತ್ರೆ ಆ ಪೊಟ್ಯಾಸಿಯಂ ಕಿಂಡಿಗಳನ್ನು ತಾನೇ ಮುಚ್ಚಿಸುತ್ತದೆ, ಹೊಟ್ಟೆ ಖಾಲಿ ಇದ್ದರೂ. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿಯುವುದು ಇದರಿಂದಲೇ.