ಎರಡು ಮೀಟರ್ ಹಗ್ಗದ ಕಥೆ

ಮಲೆನಾಡಿನಲ್ಲಿ ಬೆಳೆದವನಿಗೆ ನಾಯಿಗೆ ಹಗ್ಗ ಕಟ್ಟಿಕೊಂಡು ಗುಡ್ಡ ಹತ್ತುವುದು ಅಂದ್ರೆ ತಮಾಷೆಯೇ ಸರಿ. ನಮ್ಮ ಮನೆಯ ರಾಜ ಯಾವತ್ತೂ ಹಗ್ಗ ಕಂಡವನಲ್ಲ. ಅಜ್ಜ ಟವಲ್ ಹೆಗಲಿಗೆ ಹಾಕಿ ತೋಟದ ಕಡೆ ಹೊರಟರೆ ಸಾಕು, ಮುಂದೆ ರಾಜ, ನಡುವೆ ಅಜ್ಜ, ಹಿಂದೆ ನಾನು. ಗದ್ದೆ ಬದು, ಸಂಕ, ಬೇಣ... ಯಾರ ಜಾಗ ಎಲ್ಲಿ ಮುಗಿಯಿತು ಅಂತ ಮೂವರಲ್ಲಿ ಯಾರೂ ಯೋಚಿಸಿದವರಲ್ಲ.

ಇದು ನೆನಪಾಗಿದ್ದು ಇಂಗ್ಲೆಂಡಿನಲ್ಲಿ. ಆರು ತಿಂಗಳ ಆನ್‌ಸೈಟ್ ಅಂತ ಮ್ಯಾಂಚೆಸ್ಟರಿಗೆ ಹೋಗಿದ್ದೆ. ಮೇ ತಿಂಗಳ ಒಂದು ವಾರಾಂತ್ಯ ಟೀಮಿನ ಗೆಳೆಯನೊಬ್ಬ ತನ್ನ ಟೆಂಟು, ತನ್ನ ನಾಯಿ ಎರಡರ ಜೊತೆಗೆ ನನ್ನನ್ನೂ ಕಾರಿಗೆ ತುಂಬಿಕೊಂಡು ಪೀಕ್ ಡಿಸ್ಟ್ರಿಕ್ಟಿನ ಈಡೇಲ್ ಎಂಬ ಹಳ್ಳಿಗೆ ಕರೆದುಕೊಂಡು ಹೋದ. ರಾತ್ರಿಯೆಲ್ಲಾ ಚಳಿಗೆ ನಡುಗಿದ್ದಾಯ್ತು. ಬೆಸ್ ಎಂಬ ಆ ನಾಯಿ ನನ್ನ ಕಾಲ ಮೇಲೆ ಮಲಗಿದ್ದರಿಂದ ಬದುಕಿಕೊಂಡೆ. ಬೆಳಿಗ್ಗೆ ಎದ್ದು ಚಹಾ ಕುಡಿದು ಕಿಂಡರ್ ಸ್ಕೌಟ್ ಹತ್ತಲು ಹೊರಟೆವು. 636 ಮೀಟರ್ ಎತ್ತರ, ಆ ಸೀಮೆಗೆಲ್ಲ ಅದೇ ದೊಡ್ಡ ಬೆಟ್ಟ. ಮೇಲೆ ಹೋದರೆ ಕಣ್ಣು ಹಾಯುವಷ್ಟು ದೂರ ಬಯಲು, ಒಂದು ನರಪಿಳ್ಳೆಯಿಲ್ಲ. ಆದರೂ ಆಸಾಮಿ ಬೆಸ್‌ನ ಹಗ್ಗ ಬಿಡಲಿಲ್ಲ.

"ಇಲ್ಲಿ ಯಾರೂ ಇಲ್ವಲ್ಲ ಮಾರಾಯ, ಬಿಟ್ಟುಬಿಡು" ಅಂದೆ.

"ಮಾರ್ಚ್ 1ರಿಂದ ಜುಲೈ 31ರವರೆಗೆ ಬಿಡೋ ಹಾಗಿಲ್ಲ. ಹಗ್ಗ ಎರಡು ಮೀಟರ್ ದಾಟೋ ಹಾಗೂ ಇಲ್ಲ. ಕಾನೂನು" ಅಂದ.

ಕೋಡಿನಲ್ಲಿ ಯಾರಾದರೂ ಒಂದು ಸಂಖ್ಯೆಯನ್ನು ನೇರವಾಗಿ ಬರೆದಿಟ್ಟಿದ್ದರೆ ಅದು ಎಲ್ಲಿಂದ ಬಂತು ಅಂತ ಹುಡುಕುವುದು ನಮ್ಮ ಕಸುಬಿನ ಚಟ ತಾನೆ? ಈ ಎರಡು ಮೀಟರಿನ ಬೆನ್ನು ಹತ್ತಿದೆ. ಎಂಟುನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು!

ಇಂಗ್ಲೆಂಡನ್ನು ನಾರ್ಮನ್ನರು ಗೆದ್ದ ಮೇಲೆ ದೇಶದ ದೊಡ್ಡ ದೊಡ್ಡ ಭಾಗಗಳನ್ನು 'ರಾಜನ ಅರಣ್ಯ' ಅಂತ ಘೋಷಿಸಿದರು. ಅರಣ್ಯ ಅಂದರೆ ಬರೀ ಮರಗಳಲ್ಲ, ಒಳಗೆ ಹಳ್ಳಿಗಳೂ ಹೊಲಗಳೂ ಇದ್ದವು. ಜಿಂಕೆ ಮಾತ್ರ ರಾಜನದ್ದು. ಹಳ್ಳಿಯವನ ನಾಯಿ ಜಿಂಕೆ ಅಟ್ಟಿದರೆ? ಅದಕ್ಕೆ ಅವರು ಕಂಡುಕೊಂಡ ಉಪಾಯ: ನಾಯಿಯ ಮುಂಗಾಲಿನ ಮೂರು ಉಗುರು ಕತ್ತರಿಸಿಬಿಡುವುದು. ಓಡಲಾಗದ ನಾಯಿ ಇನ್ನೇನು ಬೇಟೆಯಾಡೀತು! 1217ರಲ್ಲಿ ಬಾಲಕ ದೊರೆ ಮೂರನೇ ಹೆನ್ರಿಯ ಹೆಸರಿನಲ್ಲಿ ಹೊರಬಿದ್ದ ಅರಣ್ಯ ಸನ್ನದು ಇದನ್ನು ನಿಲ್ಲಿಸಲಿಲ್ಲ, ಮಿತಿ ಹಾಕಿತು ಅಷ್ಟೆ. ತಪಾಸಣೆ ಮೂರು ವರ್ಷಕ್ಕೊಮ್ಮೆ, ಉಗುರು ಮೂರೇ, ಅಂಗಾಲಿನ ಮೆತ್ತೆ ಮುಟ್ಟುವ ಹಾಗಿಲ್ಲ, ಉಗುರು ಕತ್ತರಿಸದ ನಾಯಿ ಸಿಕ್ಕರೆ ಮೂರು ಶಿಲ್ಲಿಂಗ್ ದಂಡ. ಬಡವರ ಪಾಲಿಗೆ ಇದೇ ಉಪಕಾರ ಅನ್ನಿಸಿತ್ತಂದ್ರೆ ಮೊದಲು ಹೇಗಿದ್ದಿರಬೇಕು ಯೋಚಿಸಿ.

ರಾಜನ ನಂತರ ಜಮೀನ್ದಾರರ ಸರದಿ. 1671ರ ಬೇಟೆ ಕಾನೂನಿನ ಪ್ರಕಾರ ವರ್ಷಕ್ಕೆ 100 ಪೌಂಡ್ ಹುಟ್ಟುವ ಸ್ವಂತ ಜಮೀನೋ ಅಂಥದೇ ಅಂತಸ್ತೋ ಇಲ್ಲದವನು ಗ್ರೇಹೌಂಡಿನಂಥ ಬೇಟೆನಾಯಿ ಸಾಕುವಂತಿರಲಿಲ್ಲ. ಈ ಆಸ್ತಿಯ ಷರತ್ತು ಹೋಗಿದ್ದು 1831ರಲ್ಲಿ, 160 ವರ್ಷಗಳ ಮೇಲೆ. ಅಷ್ಟರಲ್ಲಿ ಊರೊಟ್ಟಿನ ಹುಲ್ಲುಗಾವಲುಗಳಿಗೂ ಕಾನೂನಿನ ಬೇಲಿ ಬಿದ್ದಿತ್ತು. ಊರು ಬಿಟ್ಟವರು ಮ್ಯಾಂಚೆಸ್ಟರಿನಂಥ ಪಟ್ಟಣಗಳ ಮಿಲ್ಲು ಸೇರಿಕೊಂಡರು.

ಈಗ ಕಿಂಡರ್ ಬೆಟ್ಟಕ್ಕೆ ವಾಪಸ್ ಬರೋಣ. ಮಿಲ್ಲಿನ ಜನಕ್ಕೆ ಸಿಗುತ್ತಿದ್ದದ್ದು ಒಂದು ಭಾನುವಾರ. ಹೊಗೆ ತುಂಬಿದ ಊರಿಂದ ಕಣ್ಣೆದುರಿಗೇ ಬೆಟ್ಟ, ಹತ್ತುವಂತಿಲ್ಲ! ಯಾಕೆಂದರೆ ಅಲ್ಲಿ ಗ್ರೌಸ್ ಎಂಬ ಕೋಳಿಯಂಥ ಕಾಡುಹಕ್ಕಿಯನ್ನು ಬೇಟೆಗೆಂದೇ ಕಾಪಾಡಿಕೊಂಡು, ಪ್ರತಿ ವರ್ಷ ಆಗಸ್ಟ್ 12ರಿಂದ ಶ್ರೀಮಂತರು ಬಂದೂಕು ಹಿಡಿದು ಬರುತ್ತಿದ್ದರು. ಉಳಿದ ದಿನ ಕಾವಲುಗಾರರು.

1932ರ ಏಪ್ರಿಲ್ 24, ಭಾನುವಾರ. ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತು ವರ್ಷದ, ಕೆಲಸವಿಲ್ಲದ ಮೆಕ್ಯಾನಿಕ್ ಹೇಫೀಲ್ಡ್ ಹತ್ತಿರದ ಕಲ್ಲುಕ್ವಾರಿಯಲ್ಲಿ ನಿಂತು ಭಾಷಣ ಮಾಡಿ, ನೂರಾರು ಜನರನ್ನು ಕಟ್ಟಿಕೊಂಡು ಬೇಕೆಂದೇ ಬೆಟ್ಟ ಹತ್ತಿದ. ದಾರಿಯಲ್ಲಿ ಕಾವಲುಗಾರರ ಜೊತೆ ತಳ್ಳಾಟವಾಯಿತು, ಒಬ್ಬ ಕಾವಲುಗಾರನಿಗೆ ಪೆಟ್ಟಾಯಿತು. ಆರು ಜನರ ಬಂಧನ, ಐವರಿಗೆ ಎರಡರಿಂದ ಆರು ತಿಂಗಳ ಜೈಲು, ಬೆನ್ನಿಗೆ ನಾಲ್ಕು ತಿಂಗಳು. ಅತಿಕ್ರಮ ಪ್ರವೇಶ ಅಲ್ಲಿ ಕ್ರಿಮಿನಲ್ ಅಪರಾಧವೇ ಆಗಿರಲಿಲ್ಲ! ಹಾಗಾಗಿ ದೊಂಬಿಯಂಥ ಆರೋಪ ಹೊರಿಸಿದರು. ಹಳೆಯ ನಡಿಗೆ ಸಂಘಗಳ ಹಿರಿಯರಿಗೂ ಈ ಹುಡುಗರ ದಾರಿ ಹಿಡಿಸಿರಲಿಲ್ಲ. ಆದರೆ ಆ ಶಿಕ್ಷೆ ಕಂಡ ಜನಕ್ಕೆ ಸಿಟ್ಟು ಬಂತು.

ಮುಂದಿನದು ನಿಧಾನದ ಕಥೆ. ಊರೂರಿನ ಕಾಲುದಾರಿಗಳನ್ನು ಸರ್ವೆ ಮಾಡಿ ನಕಾಶೆಗೆ ಹಾಕಬೇಕು ಎಂಬ ಕಾನೂನು 1949ರಲ್ಲಿ ಬಂತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಂಗ್ಲೆಂಡ್ ಮತ್ತು ವೇಲ್ಸಿನ ಇಂಥ ಬಯಲು ಬೆಟ್ಟಗಳಲ್ಲಿ ದಾರಿ ಬಿಟ್ಟು ಎಲ್ಲೆಂದರಲ್ಲಿ ನಡೆಯುವ ಹಕ್ಕು ಸಿಕ್ಕಿದ್ದು 2000ದ ಕಾನೂನಿನಿಂದ. 2002ರಲ್ಲಿ, ಆ ನಡಿಗೆಯ ಎಪ್ಪತ್ತನೇ ವರ್ಷಕ್ಕೆ, ಡೆವನ್‌ಶೈರಿನ ಡ್ಯೂಕ್ ಅದೇ ಜಾಗಕ್ಕೆ ಬಂದು ತನ್ನ ತಾತನ ಕಾಲದಲ್ಲಿ ಆಗಿದ್ದು ತಪ್ಪು ಅಂತ ಎಲ್ಲರೆದುರು ಕ್ಷಮೆ ಕೇಳಿದ. ಬೆನ್ನಿ ಕೇಳಿಸಿಕೊಳ್ಳಲಿಲ್ಲ. ಮೂರು ತಿಂಗಳ ಹಿಂದಷ್ಟೇ, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡಿದ್ದ.

ನಮ್ಮ ಎರಡು ಮೀಟರ್ ಇರುವುದು ಇದೇ 2000ದ ಕಾನೂನಿನಲ್ಲಿ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಮರಿ ಮಾಡುವ ಕಾಲ ಅದು, ಅದಕ್ಕೇ ಹಗ್ಗ. ದನಕುರಿಗಳ ಹತ್ತಿರವಂತೂ ವರ್ಷಪೂರ್ತಿ ಹಗ್ಗ. ಇದು ನ್ಯಾಯವೇ, ತಾಯಿ ಹಕ್ಕಿಗೂ ಒಂದು ಹಕ್ಕು ಬೇಡವೇ? ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಸಾಲಿದೆ: ಗ್ರೌಸ್ ಬೇಟೆಯ ಜಾಗದ ಒಡೆಯ ಬೇಕೆಂದರೆ ಐದು ವರ್ಷದವರೆಗೆ ನಾಯಿ ಜೊತೆ ಬರುವವರನ್ನು ತಡೆಯಬಹುದು. ಮನುಷ್ಯ ಬರಬಹುದು, ನಾಯಿ ಬರಬಾರದು. 1217ರ ವಾಸನೆ ಪೂರ್ತಿ ಹೋಗಿಲ್ಲ ಅನ್ನಿಸಿತು.

ಟೆಂಟಿನ ಕಥೆಯೂ ಹೀಗೇ. ನಡೆಯುವ ಹಕ್ಕು ಕೊಟ್ಟ ಕಾನೂನು ಅಲ್ಲೇ ಮಲಗುವ ಹಕ್ಕು ಕೊಡಲಿಲ್ಲ, ಅದಕ್ಕೇ ನಾವು ಕೆಳಗೆ ಈಡೇಲಿನಲ್ಲಿ ದುಡ್ಡು ಕೊಟ್ಟು ಟೆಂಟು ಹಾಕಿದ್ದು. ಸ್ಕಾಟ್ಲೆಂಡಿನಲ್ಲಿ 2003ರ ಕಾನೂನು ಎರಡಕ್ಕೂ ಅವಕಾಶ ಕೊಟ್ಟಿತು. ದಕ್ಷಿಣದ ಡಾರ್ಟ್‌ಮೂರಿನ ಬಯಲಲ್ಲಿ ಟೆಂಟು ಹಾಕುವ ಹಕ್ಕನ್ನು 2023ರ ಜನವರಿಯಲ್ಲಿ ಹೈಕೋರ್ಟು ಕಿತ್ತುಕೊಂಡಿತು. ಅದೇ ವರ್ಷ ಮೇಲ್ಮನವಿಯಲ್ಲಿ ವಾಪಸ್ ಬಂತು, 2025ರ ಮೇನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಒಮ್ಮೆ ಗೆದ್ದರೆ ಮುಗಿಯಿತು ಅನ್ನುವ ಜಾತಿಯ ಹಕ್ಕಲ್ಲ ಇದು.

ಇಷ್ಟೆಲ್ಲಾ ತಲೆಯಲ್ಲಿ ತುಂಬಿಕೊಂಡು ಹೋದ ತಿಂಗಳು ಊರಿಗೆ ಹೋಗಿದ್ದೆ. ಅಜ್ಜ ಇಲ್ಲ, ರಾಜ ಇಲ್ಲ. ಈಗಿರುವುದು ಕರಿಯ. ಅವನನ್ನು ಕರೆದುಕೊಂಡು ಹಳೇ ದಾರಿಯಲ್ಲಿ ಹೊಳೆ ಕಡೆ ಹೊರಟರೆ, ಬೇಣದ ಆಚೆ ಹೊಸ ಕಲ್ಲುಕಂಬ, ಐದೆಳೆ ಮುಳ್ಳುತಂತಿ. ಜಾಗ ಯಾರೋ ಕೊಂಡಿದ್ದಾರಂತೆ. ಗ್ರಾಮ ನಕಾಶೆಯಲ್ಲಿ ಆ ಕಾಲುದಾರಿ ಚುಕ್ಕಿ ಗೆರೆಯಾಗಿ ಈಗಲೂ ಇದೆ. ಅಪ್ಪನ ಹತ್ತಿರ ಹೇಳಿದೆ.

"ಈಗ ಯಾರು ಅದ್ರಲ್ಲಿ ಓಡಾಡ್ತಾರೋ? ಎಲ್ಲಾ ಬೈಕಲ್ಲೇ ಹೋಗೋದು" ಅಂದರು.

ಬೇಲಿಗಿಂತ ಈ ಮಾತು ಚುಚ್ಚಿತು. ಯಾಕಂದ್ರೆ ಓಡಾಡದೆ ಇದ್ದವರಲ್ಲಿ ನಾನೂ ಒಬ್ಬ. ಬೆನ್ನಿಯ ಕಾಲದಲ್ಲಿ ಜನಕ್ಕೆ ನಡೆಯುವ ಆಸೆ ಇತ್ತು, ದಾರಿ ಇರಲಿಲ್ಲ. ನಮಗೆ ದಾರಿ ಇತ್ತು.

ಕರಿಯ ಮಾತ್ರ ತಂತಿ ಕೆಳಗೆ ನುಸುಳಿ ಆಚೆ ನಿಂತು, ಬರ್ತೀಯಾ ಇಲ್ವಾ ಅನ್ನೋ ಹಾಗೆ ನನ್ನನ್ನೇ ನೋಡುತ್ತಿದ್ದ. ಮುಂದಿನ ಸಲ ಊರಿಗೆ ಹೋದಾಗ ಆ ನಕಾಶೆಯ ನಕಲು ತೆಗೆಸಿ ಪಂಚಾಯ್ತಿಗೆ ಒಂದು ಅರ್ಜಿ ಕೊಡಬೇಕು ಅಂತಿದ್ದೇನೆ. ಅದಕ್ಕೂ ಮೊದಲು ಹೊಳೆವರೆಗೆ ಒಂದು ಸಲ ನಡೆದು ಬರಬೇಕು, ಅಂಗಿ ಹರಿದರೂ ಪರವಾಗಿಲ್ಲ.

ನಿಮ್ಮೂರಿನ ಕಾಲುದಾರಿಗಳು ಹೇಗಿವೆ? ಕೊನೆಯ ಸಲ ಅದರಲ್ಲಿ ನಡೆದದ್ದು ಯಾವಾಗ?