ಗಣಕಯಂತ್ರ ಪದೇ ಪದೇ ನಿಲ್ಲುವುದೇಕೆ? – ಒಂದು ಇತಿಹಾಸ

ಇಂದಿನ ಯುಗ ಗಣಕಯಂತ್ರದ ಯುಗ. ಕೊಕಟನೂರದಂತಹ ಗ್ರಾಮದ ಮನೆಗಳಿಗೂ ಅದು ಬಂದಿದೆ. ಆದರೆ ಕೆಲಸದ ನಡುವೆ ಅದು ಮೇಲಿಂದ ಮೇಲೆ ನಿಂತುಹೋದರೆ "ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಸಿ" ಎಂಬ ಒಂದೇ ಸಲಹೆ ಕೇಳಿಬರುತ್ತದೆ. ಹಾಗೆ ಮಾಡಿಸಿದರೆ ನುಡಿಯಲ್ಲಿ ಬೆರಳಚ್ಚು ಮಾಡಿದ ಕನ್ನಡ ಪಾಠ, ಇನ್‌ಪೇಜ್‌ನಲ್ಲಿ ಬರೆದ ಉರ್ದು ಪ್ರಶ್ನೆಪತ್ರಿಕೆ, ಮಕ್ಕಳ ಫೋಟೊಗಳು ಅಳಿಸಿಹೋಗಬಹುದು; ರೋಗ ಮಾತ್ರ ಹಾಗೆಯೇ ಉಳಿಯಬಹುದು. ಆದ್ದರಿಂದ ಹಿಂದಿನವರು ಈ ರೋಗದ ಮೂಲವನ್ನು ಹೇಗೆ ಹುಡುಕಿದರೆಂದು ತಿಳಿಯುವುದು ಅವಶ್ಯ.

1946ರಲ್ಲಿ ಅಮೆರಿಕದಲ್ಲಿ ಲೋಕಾರ್ಪಣೆಯಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ವಾಲ್ವ್‌ಗಳಿದ್ದವು. ಅವು ಮೇಲಿಂದ ಮೇಲೆ ಸುಟ್ಟುಹೋಗುತ್ತಿದ್ದವು. ಯಂತ್ರವನ್ನು ಚಾಲೂ ಮಾಡುವಾಗ, ಬಂದ್ ಮಾಡುವಾಗಲೇ ಅವು ಹೆಚ್ಚಾಗಿ ಹಾಳಾಗುತ್ತವೆಂದು ಎಂಜಿನಿಯರರು ಗಮನಿಸಿದರು. ಯಂತ್ರವನ್ನು ಬಂದ್ ಮಾಡದೆ ಇಟ್ಟಾಗ ತೊಂದರೆ ಕಡಿಮೆಯಾಯಿತು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್-2 ಯಂತ್ರದ ರಿಲೇಯಲ್ಲಿ ಒಂದು ಪತಂಗ ಸಿಕ್ಕಿತು. ಸಿಬ್ಬಂದಿ ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ವೇಳೆ ಸಹಿತ ಬರೆದಿಟ್ಟರು. ದೋಷಕ್ಕೆ 'ಬಗ್' ಎನ್ನುವ ರೂಢಿ ಅದಕ್ಕಿಂತ ಹಳೆಯದು. ಆದರೆ ಕಂಡದ್ದನ್ನು ಬರೆದಿಡುವ ಆ ಶಿಸ್ತು ನಮಗೆ ಪಾಠ.

ಮನೆಗಳಿಗೆ ಕಂಪ್ಯೂಟರ್ ಬಂದ ಮೇಲೆ ದೋಷಗಳ ರೂಪ ಬದಲಾಯಿತು. 1998ರ ಏಪ್ರಿಲ್ 20ರಂದು ಶಿಕಾಗೊದಲ್ಲಿ ಬಿಲ್ ಗೇಟ್ಸ್ ಅವರ ಎದುರಿನಲ್ಲಿಯೇ, ಸ್ಕ್ಯಾನರ್ ಜೋಡಿಸಿದಾಗ, ವಿಂಡೋಸ್ 98ರ ಪರದೆ ನೀಲಿಯಾಗಿ ನಿಂತಿತು. ಹೊಸ ಉಪಕರಣ ಅಥವಾ ಅದರ ಡ್ರೈವರ್ ತಂತ್ರಾಂಶ ಸರಿಹೊಂದದಿದ್ದರೆ ಇಡೀ ವ್ಯವಸ್ಥೆ ಕುಸಿಯಬಹುದು ಎಂಬುದನ್ನು ಜಗತ್ತು ಕಂಡಿತು. ಸುಮಾರು 1999ರಿಂದ 2007ರವರೆಗೆ ತಯಾರಾದ ಅನೇಕ ಮದರ್‌ಬೋರ್ಡ್‌ಗಳಲ್ಲಿ ಕಳಪೆ ಕೆಪಾಸಿಟರ್‌ಗಳು ಉಬ್ಬಿ ಸೋರಿದವು. ಅಂತಹ ಯಂತ್ರವನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಫಲವಿರಲಿಲ್ಲ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಯುಕ್ತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಬೆಂಗಳೂರು ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಪರದಾಡಿದರು. ಪರಿಹಾರವೇನು? ಸೇಫ್ ಮೋಡ್‌ನಲ್ಲಿ ತೆರೆದು ಆ ದೋಷದ ಫೈಲನ್ನು ಅಳಿಸುವುದು. ಇದಕ್ಕಾಗಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ.

ಈ ಇತಿಹಾಸದಿಂದ ವಿದ್ಯಾರ್ಥಿಗಳು ಹಾಗೂ ಪಾಲಕರು ಕಲಿಯಬೇಕಾದ ಕ್ರಮ ಸರಳವಾಗಿದೆ. ಮೊದಲು ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿರಿ. ಯಂತ್ರ ಯಾವಾಗ ನಿಂತಿತು, ಪರದೆಯ ಮೇಲೆ ಯಾವ ಸಂಕೇತ ಬಂತು ಎಂದು ವಹಿಯಲ್ಲಿ ಬರೆಯಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ನಿಂತರೆ ಫ್ಯಾನಿನ ಧೂಳನ್ನು ನೋಡಿರಿ. ದೀಪ ಮಂಕಾದಾಗ ನಿಂತರೆ ವೋಲ್ಟೇಜ್, ಯುಪಿಎಸ್ ಪರೀಕ್ಷಿಸಿರಿ. ಹೊಸ ತಂತ್ರಾಂಶ ಹಾಕಿದ ಮೇಲೆ ಆರಂಭವಾಗಿದ್ದರೆ ಅದನ್ನು ತೆಗೆದು ನೋಡಿರಿ. ಹೊತ್ತುಗೊತ್ತಿಲ್ಲದೆ ನಿಂತರೆ ಮೆಮ್‌ಟೆಸ್ಟ್ ತಂತ್ರಾಂಶದಿಂದ ರ‍್ಯಾಮ್ ಪರೀಕ್ಷಿಸಿರಿ. ಒಮ್ಮೆಗೆ ಒಂದನ್ನೇ ಬದಲಿಸಿರಿ. ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಪೆಟ್ಟಿಗೆ ತೆರೆಯುವ ಮುನ್ನ ವಿದ್ಯುತ್ ವಾಯರನ್ನು ಕಿತ್ತಿಡಿರಿ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು.

ಕಾರಣ ತಿಳಿಯದೆ ಮಾಡುವ ಚಿಕಿತ್ಸೆಯಿಂದ ಹಣವೂ ಹೋಗುತ್ತದೆ, ವರ್ಷಗಳ ದುಡಿಮೆಯೂ ಹೋಗುತ್ತದೆ. ನೋಡುವುದು, ಬರೆಯುವುದು, ಒಂದೊಂದಾಗಿ ಪರೀಕ್ಷಿಸುವುದು – ಈ ಮೂರು ಅಭ್ಯಾಸಗಳು ಗಣಕಯಂತ್ರಕ್ಕಷ್ಟೇ ಅಲ್ಲ, ಎಲ್ಲ ವಿದ್ಯೆಗೂ ಬೇಕು.