ಝೆನ್, ಧ್ಯಾನ ಮತ್ತು ವಾಸ್ತವದ ಪ್ರಶ್ನೆ: ನಾಲ್ಕು ಪುಸ್ತಕಗಳು

ಸಂಸ್ಕೃತದ ‘ಧ್ಯಾನ’ ಎಂಬ ಪದವೇ ಚೀನಾದಲ್ಲಿ ‘ಚಾನ್’ ಆಗಿ, ಜಪಾನಿನಲ್ಲಿ ‘ಝೆನ್’ ಆಯಿತು. ಈ ಸಾಧನೆಯು ಪಶ್ಚಿಮದಲ್ಲಿ ಪಡೆದ ರೂಪಾಂತರಗಳನ್ನು ಅರಿಯಬಯಸುವವರಿಗೆ ನಾನು ನಾಲ್ಕು ಇಂಗ್ಲಿಷ್ ಪುಸ್ತಕಗಳನ್ನು ಸೂಚಿಸುತ್ತೇನೆ.

ಶುನ್ರ್ಯು ಸುಜುಕಿಯವರ ‘ಝೆನ್ ಮೈಂಡ್, ಬಿಗಿನರ್ಸ್ ಮೈಂಡ್’ (1970), 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಸೋಟೋ ಪಂಥದ ಗುರುವಿನ ಪ್ರವಚನಗಳ ಸಂಗ್ರಹ. ಭಂಗಿ, ಉಸಿರುಗಳಿಂದ ಆರಂಭಿಸಿ, ಧ್ಯಾನದಿಂದ ಏನನ್ನೋ ಗಳಿಸಬೇಕೆಂಬ ಹಂಬಲವನ್ನೇ ಬಿಡಲು ಅದು ಕಲಿಸುತ್ತದೆ.

ಜಾನ್ ಕಬಟ್-ಜಿನ್ ಧ್ಯಾನವನ್ನು ಆಸ್ಪತ್ರೆಗೆ ತಂದವರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ 1979ರಲ್ಲಿ ಆರಂಭಿಸಿದ, ಎಂಟು ವಾರಗಳ ಅವಧಿಯ ಕ್ರಮವನ್ನು ‘ಫುಲ್ ಕ್ಯಾಟಾಸ್ಟ್ರೊಫಿ ಲಿವಿಂಗ್’ (1990) ವಿವರಿಸುತ್ತದೆ. ದೀರ್ಘಕಾಲದ ನೋವು, ಒತ್ತಡಗಳಿಂದ ಬಳಲುವವರು ಅದರ ಮುಖ್ಯ ಓದುಗರು.

ಹಿಂದೆ ಬೌದ್ಧ ಭಿಕ್ಷುವಾಗಿದ್ದ ಸ್ಟೀಫನ್ ಬ್ಯಾಚಲರ್, ‘ಬುದ್ಧಿಸಂ ವಿದೌಟ್ ಬಿಲೀಫ್ಸ್’ (1997) ಕೃತಿಯಲ್ಲಿ ಪುನರ್ಜನ್ಮದಂಥ ನಂಬಿಕೆಗಳನ್ನು ಒಪ್ಪದೆಯೂ ಸಾಧನೆ ಸಾಧ್ಯವೆನ್ನುತ್ತಾರೆ.

ಡೊನಾಲ್ಡ್ ಹಾಫ್‌ಮನ್ ಅವರ ‘ದಿ ಕೇಸ್ ಅಗೆನ್‌ಸ್ಟ್ ರಿಯಾಲಿಟಿ’ (2019) ವಿಕಾಸವಾದದಿಂದ ಹೊರಡುತ್ತದೆ. ಇಂದ್ರಿಯಗಳು ಸತ್ಯವನ್ನು ತೋರಿಸಲು ಅಲ್ಲ, ಬದುಕುಳಿಯಲು ರೂಪುಗೊಂಡವು. ಕಾಣುವ ವಸ್ತುಗಳು ಕಂಪ್ಯೂಟರ್ ಪರದೆಯ ಚಿಹ್ನೆಗಳಂತೆ ಎಂಬುದು ಅವರ ವಾದ. ಅದು ಇನ್ನೂ ವಿವಾದದಲ್ಲಿದೆ; ಅದನ್ನು ಝೆನ್ ಅನುಭವಕ್ಕೆ ವಿಜ್ಞಾನದ ಮುದ್ರೆಯೆಂದು ಓದಬಾರದು.

ನಂಬಿಕೆಯನ್ನು ಬದಿಗಿಟ್ಟ ಮಾತ್ರಕ್ಕೆ ಧ್ಯಾನ ಬಡವಾಗದು ಎಂಬುದು ನನ್ನ ಅಭಿಪ್ರಾಯ. ಆದರೆ ಒತ್ತಡ ಇಳಿದೊಡನೆ ಸಾಧನೆ ಮುಗಿಯಿತೆಂದುಕೊಂಡರೆ, ‘ಒತ್ತಡ ಯಾರಿಗೆ?’ ಎಂಬ ಮೂಲಪ್ರಶ್ನೆ ಕೈತಪ್ಪುತ್ತದೆ. ಆದುದರಿಂದ ಕಬಟ್-ಜಿನ್ ಅವರಿಂದ ಆರಂಭಿಸಿದವರು ಸುಜುಕಿಯವರನ್ನೂ ಓದಬೇಕು. ಓದಿದ ಮೇಲೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು.